ಯಂತ್ರಶಾಲೆಯಲ್ಲಿ ಭಾವಚಿತ್ರ: ದೀಪವನ್ನು ಇಡುವ ಬಗೆ

ನಮ್ಮ ಮನೆಗಳ ಗೋಡೆಯ ಮೇಲೆ ತೂಗುವ ಚಿತ್ರಗಳನ್ನು ವಿದ್ಯಾರ್ಥಿಗಳು ಒಮ್ಮೆ ಗಮನವಿಟ್ಟು ನೋಡಬೇಕು. ದೇವರ ಪಟಗಳ ಸಾಲಿನ ಕೆಳಗೆ ತಂದೆತಾಯಿಗಳ ಮದುವೆಯ ಚಿತ್ರವಿರುತ್ತದೆ. ಪಕ್ಕದಲ್ಲಿ ಹಾರ ಹಾಕಿದ ಚೌಕಟ್ಟಿನೊಳಗೆ ಅಜ್ಜನ ಚಿತ್ರವಿರುತ್ತದೆ. ಅದು ಎಲ್ಲಿಂದ ಬಂದಿತೆಂದು ವಿಚಾರಿಸಿದರೆ ಅನೇಕ ಮನೆಗಳಲ್ಲಿ ದೊರೆಯುವ ಉತ್ತರ ಒಂದೇ. ಗುರುತಿನ ಚೀಟಿಗಾಗಿ ತೆಗೆಸಿದ್ದ ಪುಟ್ಟ ಚಿತ್ರವನ್ನು, ಅವರು ತೀರಿಕೊಂಡ ಬಳಿಕ, ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದು! ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ಸಂಸಾರವನ್ನು ಸಾಕಿದವರ ಚಿತ್ರದಲ್ಲಿ ಯಂತ್ರವೂ ಇಲ್ಲ, ಅವರ ಕೈಗಳೂ ಇಲ್ಲ. ಅವರು ಏನು ಮಾಡುತ್ತಿದ್ದರೆಂಬುದನ್ನು ಮೊಮ್ಮಕ್ಕಳು ಕೇಳಿ ತಿಳಿಯಬೇಕೇ ಹೊರತು ನೋಡಿ ತಿಳಿಯುವಂತಿಲ್ಲ.

ಇದಕ್ಕೆ ಕಾರಣವೇನು? ಅಭಿಮಾನದ ಕೊರತೆಯಲ್ಲ. ದುಡಿಯುವ ಸ್ಥಳಗಳು ಬಹುಮಟ್ಟಿಗೆ ಕತ್ತಲೆಯ ಸ್ಥಳಗಳು. ಅಲ್ಲಿ ಚಿತ್ರ ತೆಗೆದರೆ ಮುಖ ಮಸಿಯಾಗಿ ಕಾಣುತ್ತದೆ. ಮುಖಕ್ಕೆ ನೇರವಾಗಿ ದೀಪ ಹೊಡೆದರೆ ಸುಣ್ಣ ಬಳಿದಂತೆ ಕಾಣುತ್ತದೆ. ಈ ತೊಡಕನ್ನು ಬಿಡಿಸುವ ಒಂದು ವಿದ್ಯೆಯುಂಟು. ಸ್ಟುಡಿಯೋದ ದೀಪಗಳನ್ನು ಯಂತ್ರಶಾಲೆಗೆ ಒಯ್ದು, ಅಲ್ಲಿನ ಕತ್ತಲೆಯನ್ನು ಕೆಡಿಸದೆ ಮುಖವನ್ನು ಮಾತ್ರ ಬೆಳಗುವುದೇ ಆ ವಿದ್ಯೆ. ಅದರ ಮೂಲತತ್ತ್ವಗಳನ್ನು ಈ ಪಾಠದಲ್ಲಿ ವಿವರಿಸುತ್ತೇವೆ. ಇವೆಲ್ಲ ನಮ್ಮ ಪ್ರೌಢಶಾಲೆಯ ಭೌತಶಾಸ್ತ್ರಕ್ಕೆ ಸೇರಿದ ಮಾತುಗಳೇ ಆದುದರಿಂದ ಯಾರೂ ಅಂಜಬೇಕಾಗಿಲ್ಲ.

ನಮ್ಮ ಊರಿನ ನಿದರ್ಶನ

ಮೋಯಾರಿನ ಮಕ್ಕಳಿಗೆ ಯಂತ್ರಶಾಲೆಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಪೈಕಾರ ಹೊಳೆಯ ನೀರು 1932ರಲ್ಲಿ ಸಿಂಗಾರದ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸತೊಡಗಿತು. ಅಲ್ಲಿ ದುಡಿದು ಹೊರಬಿದ್ದ ನೀರನ್ನೇ ಮರವಕಂಡಿಯಲ್ಲಿ ತಡೆದು ನಿಲ್ಲಿಸಿ, ಮತ್ತೊಮ್ಮೆ ಕಣಿವೆಗೆ ಇಳಿಸಿ, 1952ರಲ್ಲಿ ನಮ್ಮ ಮೋಯಾರ್ ವಿದ್ಯುದಾಗಾರವನ್ನು ನಡೆಸಲಾಯಿತು. ತಲಾ 12 ಮೆಗಾವ್ಯಾಟ್ ಶಕ್ತಿಯ ಮೂರು ಯಂತ್ರಗಳು, ಒಟ್ಟು 36 ಮೆಗಾವ್ಯಾಟ್. ಒಂದೇ ನೀರಿನಿಂದ ಎರಡು ಸಲ ಬೆಳಕನ್ನು ಪಡೆಯುವ ಈ ಏರ್ಪಾಡು ಊರೂರುಗಳ ಮನೆಗಳಿಗೆ ದೀಪವನ್ನು ಕೊಟ್ಟಿದೆ. ಆದರೆ ಆ ದೀಪಕ್ಕಾಗಿ ಆಳವಾದ ಕಮರಿಯಲ್ಲಿ ಇಳಿದು ದುಡಿದವರ ಮುಖಗಳ ಮೇಲೆ ಬೆಳಕು ಬಿದ್ದ ಚಿತ್ರಗಳು ನಮ್ಮ ಮನೆಗಳಲ್ಲಿ ಎಷ್ಟಿವೆ? ಎಣಿಸಲು ಒಂದು ಕೈಯ ಬೆರಳುಗಳು ಸಾಕು.

ನೀಲಗಿರಿಗೆ ಛಾಯಾಚಿತ್ರಕಲೆ ಹೊಸದೇನೂ ಅಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಉದಕಮಂಡಲದಲ್ಲಿ ಪೆನ್ ಎಂಬ ಆಂಗ್ಲ ಛಾಯಾಗ್ರಾಹಕರು ಸ್ಟುಡಿಯೋ ನಡೆಸಿ ಇಲ್ಲಿನ ಬೆಟ್ಟಗಳನ್ನೂ ಬೆಟ್ಟದ ಜನರನ್ನೂ ಚಿತ್ರಿಸಿದ್ದರು. ಆಗಿನ ಫಲಕಗಳಿಗೆ ಬಿಸಿಲು ಬೇಕಾಗಿತ್ತು. ಬಿಸಿಲು ತಲುಪದ ಸ್ಥಳದಲ್ಲಿ ದುಡಿಯುವವನ ಮುಖ ಚಿತ್ರಕ್ಕೆ ದಕ್ಕಲು ಬಹಳ ಕಾಲ ಹಿಡಿಯಿತು.

ಹಿಂದಿನವರು ಕಂಡುಕೊಂಡ ದಾರಿ

1861ರ ಸುಮಾರಿಗೆ ಪ್ಯಾರಿಸ್ಸಿನ ನಾಡಾರ್ ಎಂಬ ಛಾಯಾಗ್ರಾಹಕರು ಆ ನಗರದ ನೆಲದಡಿಯ ಸುರಂಗಗಳಿಗೆ ವಿದ್ಯುದ್ದೀಪವನ್ನು ಒಯ್ದು ಚಿತ್ರ ತೆಗೆದರು. ಒಂದೊಂದು ಚಿತ್ರಕ್ಕೆ 18 ನಿಮಿಷಗಳವರೆಗೂ ಮಸೂರವನ್ನು ತೆರೆದಿಡಬೇಕಾಗಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಲ್ಲಬಲ್ಲ ಕೂಲಿಯಾಳು ಎಲ್ಲಿ ಸಿಗಬೇಕು? ಆದಕಾರಣ ಅವರು ಕೆಲಸಗಾರರ ಉಡುಪು ತೊಡಿಸಿದ ಗೊಂಬೆಗಳನ್ನು ನಿಲ್ಲಿಸಿದರು. ಬೆಳಕು ಅಲ್ಲಿಯವರೆಗೆ ಹೋಯಿತು. ಮನುಷ್ಯನ ಮುಖ ಮಾತ್ರ ದೊರೆಯಲಿಲ್ಲ.

1887ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಮೆಗ್ನೀಸಿಯಂ ಬೆರೆಸಿದ ಮಿಂಚುಪುಡಿಯನ್ನು ರೂಪಿಸಿದರು. ಅದಕ್ಕೆ ಕಿಡಿ ತಾಗಿಸಿದರೆ ಕ್ಷಣಮಾತ್ರ ಹಗಲಿನಂಥ ಬೆಳಕು ಬರುತ್ತಿತ್ತು, ಹೊಗೆಯೂ ಏಳುತ್ತಿತ್ತು. ಇದನ್ನು ಬಳಸಿದವರ ಪೈಕಿ ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದವರು ಅಮೆರಿಕದ ಲೂಯಿಸ್ ಹೈನ್. ಅವರು ನ್ಯೂಯಾರ್ಕಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. 1908ರಿಂದ ಬಾಲಕಾರ್ಮಿಕರ ಪರವಾಗಿ ಕೆಲಸ ಮಾಡುತ್ತಿದ್ದ ಸಮಿತಿಯೊಂದಕ್ಕಾಗಿ ನೂಲಿನ ಗಿರಣಿಗಳಲ್ಲಿ, ಕಲ್ಲಿದ್ದಲ ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಚಿತ್ರಗಳನ್ನು ತೆಗೆದರು. ಆ ಮಕ್ಕಳ ಕಣ್ಣುಗಳನ್ನು ಕಂಡ ಜನರು ಕಾನೂನಿಗಾಗಿ ಒತ್ತಾಯಿಸುವಂತಾಯಿತು. 1920ರ ಸುಮಾರಿಗೆ ಅವರು ತೆಗೆದ ಇನ್ನೊಂದು ಚಿತ್ರ ನಮಗೆ ಹೆಚ್ಚು ಹತ್ತಿರದ್ದು. ವಿದ್ಯುದಾಗಾರದ ಕುಶಲಕರ್ಮಿಯೊಬ್ಬ ದೊಡ್ಡ ಸ್ಪ್ಯಾನರನ್ನು ಹಿಡಿದು ಉಗಿಯಂತ್ರದ ಮುಂದೆ ಬಾಗಿದ್ದಾನೆ. ಅವನ ಬೆನ್ನಿನ ಬಾಗು ಯಂತ್ರದ ಚಕ್ರದ ಬಾಗಿನೊಡನೆ ಹೊಂದಿಕೊಂಡಿದೆ. ಯಂತ್ರ ದೊಡ್ಡದು, ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಮನುಷ್ಯನ ಕಡೆಗೆ.

1927 ಮತ್ತು 1928ರಲ್ಲಿ ಮಾರ್ಗರೆಟ್ ಬರ್ಕ್-ವೈಟ್ ಎಂಬ ತರುಣಿ ಕ್ಲೀವ್‌ಲೆಂಡಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಚಿತ್ರ ತೆಗೆಯಲು ಹೋದರು. ಕುದಿಯುವ ಲೋಹದ ಕೆಂಪು ಬೆಳಕು ಕಣ್ಣಿಗೆ ಪ್ರಖರವಾಗಿ ಕಂಡರೂ ಅಂದಿನ ಫಿಲ್ಮು ಕೆಂಪನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲ; ಚಿತ್ರಗಳು ಕಪ್ಪಾದವು. ಮೆಗ್ನೀಸಿಯಂ ಪಂಜುಗಳನ್ನು ಉರಿಸಿದ ಮೇಲೆಯೇ ಅವರಿಗೆ ಚಿತ್ರ ದಕ್ಕಿತು. ಕಣ್ಣಿಗೆ ಕಂಡದ್ದೆಲ್ಲ ಕ್ಯಾಮೆರಾಕ್ಕೆ ಕಾಣುವುದಿಲ್ಲವೆಂಬ ಪಾಠ ಇಂದಿನ ಮೊಬೈಲಿಗೂ ಅನ್ವಯಿಸುತ್ತದೆ.

ಮುಂದೆ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಎಂಬ ಇಂಜಿನಿಯರರು ತಿರುಗುತ್ತಿರುವ ವಿದ್ಯುನ್ಮೋಟಾರುಗಳನ್ನು ಪರೀಕ್ಷಿಸುವ ಸಲುವಾಗಿ ಕ್ಷಣಕ್ಷಣಕ್ಕೂ ಮಿಂಚುವ ದೀಪವನ್ನು ಸಿದ್ಧಗೊಳಿಸಿದರು. ಇಂದಿನ ಎಲೆಕ್ಟ್ರಾನಿಕ್ ಫ್ಲಾಷ್ ಆ ದೀಪದ ಸಂತತಿ. ಯಂತ್ರಶಾಲೆಗೆ ನಾವು ಒಯ್ಯುವ ಮಿಂಚುದೀಪ ಹುಟ್ಟಿದ್ದೇ ಯಂತ್ರದ ಪಕ್ಕದಲ್ಲಿ.

ಸ್ಟುಡಿಯೋದ ಕ್ರಮವನ್ನೇ ಕಾರ್ಖಾನೆಗೆ ಒಯ್ದವರು ಕೆನಡಾದ ಯೂಸುಫ್ ಕಾರ್ಷ್. 1941ರಲ್ಲಿ ಚರ್ಚಿಲ್ಲರ ಭಾವಚಿತ್ರವನ್ನು ತೆಗೆದು ಜಗತ್ಪ್ರಸಿದ್ಧರಾದ ಇವರು, 1951ರಲ್ಲಿ ವಿಂಡ್ಸರ್ ನಗರದ ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ಕೆಲಸಗಾರರ ಭಾವಚಿತ್ರಗಳನ್ನು ತೆಗೆದರು. ಪ್ರಧಾನಮಂತ್ರಿಯ ಮುಖಕ್ಕೆ ಯಾವ ಶ್ರದ್ಧೆಯಿಂದ ದೀಪ ಹೊಂದಿಸಿದ್ದರೋ ಅದೇ ಶ್ರದ್ಧೆಯಿಂದ ಕಾರಿಗೆ ಗಾಜು ಕೂರಿಸುವವನ ಮುಖಕ್ಕೂ ದೀಪ ಹೊಂದಿಸಿದರು. ಈ ಪಾಠದ ತಿರುಳು ಇಷ್ಟೆ.

ಬೆಳಕಿನ ಮೂರು ನಿಯಮಗಳು

ಮೊದಲನೆಯದು, ದೂರದ ನಿಯಮ. ದೀಪದಿಂದ ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ. 3 ಅಡಿ ದೂರದ ಮುಖದ ಮೇಲೆ ಬೀಳುವ ಬೆಳಕನ್ನು 1 ಎಂದಿಟ್ಟುಕೊಂಡರೆ, 6 ಅಡಿಯಲ್ಲಿ ಅದು ನಾಲ್ಕನೆಯ ಒಂದು ಭಾಗ, 9 ಅಡಿಯಲ್ಲಿ ಒಂಬತ್ತನೆಯ ಒಂದು ಭಾಗ. ಇದರ ಪ್ರಯೋಜನವೇನೆಂದರೆ, ದೀಪವನ್ನು ಮುಖದ ಹತ್ತಿರ ತಂದಷ್ಟೂ ಹಿನ್ನೆಲೆ ತಾನಾಗಿಯೇ ಕತ್ತಲಾಗುತ್ತದೆ. ಹಿಂದಿರುವ ತಂತಿ, ಡಬ್ಬ, ಕ್ಯಾಲೆಂಡರುಗಳನ್ನು ಮರೆಮಾಡಲು ಪರದೆ ಕಟ್ಟಬೇಕಾಗಿಲ್ಲ.

ಎರಡನೆಯದು, ದೀಪದ ಗಾತ್ರದ ನಿಯಮ. ನಿರಭ್ರವಾದ ಮಧ್ಯಾಹ್ನದ ನೆರಳು ಕತ್ತಿಯಲ್ಲಿ ಕೊರೆದಂತಿರುತ್ತದೆ. ಮೋಡ ಮುಸುಕಿದ ದಿನ ನೆರಳೇ ಕಾಣುವುದಿಲ್ಲ. ಸೂರ್ಯ ಅದೇ, ಆದರೆ ಮೋಡದ ದಿನ ಆಕಾಶವೆಲ್ಲವೂ ಒಂದೇ ದೊಡ್ಡ ದೀಪವಾಗುತ್ತದೆ. ಸ್ಟುಡಿಯೋಗಳಲ್ಲಿ ದೀಪಕ್ಕೆ ಬಿಳಿ ಛತ್ರಿಯನ್ನೋ ಬಟ್ಟೆಯ ಪೆಟ್ಟಿಗೆಯನ್ನೋ ಕಟ್ಟುವುದು ಈ ಕಾರಣಕ್ಕೆ. ನಮ್ಮಲ್ಲಿ ಬಿದಿರಿನ ಚೌಕಟ್ಟಿಗೆ ಒಗೆದ ಬಿಳಿ ಪಂಚೆಯನ್ನು ಬಿಗಿದು, ಅದರ ಹಿಂದಿನಿಂದ ದೀಪ ಬಿಟ್ಟರೆ ಅದೇ ಫಲ ದೊರೆಯುತ್ತದೆ.

ಮೂರನೆಯದು, ಬಣ್ಣದ ನಿಯಮ. ಹಳೆಯ ಬಲ್ಬಿನ ಬೆಳಕು ಹಳದಿ. ಅದರ ವರ್ಣತಾಪ 3000 ಕೆಲ್ವಿನ್ನಿನ ಆಸುಪಾಸಿನದು. ಮಿಂಚುದೀಪದ ಬೆಳಕು ಹಗಲಿನಂತೆ, ಸುಮಾರು 5500 ಕೆಲ್ವಿನ್. ಎರಡನ್ನೂ ಹಾಗೆಯೇ ಬೆರೆಸಿದರೆ ಒಂದು ಕೆನ್ನೆ ಅರಿಸಿನದ ಬಣ್ಣಕ್ಕೂ ಇನ್ನೊಂದು ಕೆನ್ನೆ ನೀಲಿ ಛಾಯೆಗೂ ತಿರುಗುತ್ತದೆ. ಮಿಂಚುದೀಪಕ್ಕೆ ಕಿತ್ತಳೆ ಬಣ್ಣದ ತೆಳುಹಾಳೆಯನ್ನು ಕಟ್ಟಿದರೆ ಎರಡೂ ಒಂದಾಗುತ್ತವೆ.

ಎರಡು ಬೆಳಕುಗಳ ತೂಕ

ಇಲ್ಲಿಂದ ಮುಂದಿನದು ಈ ವಿದ್ಯೆಯ ಹೃದಯ. ಯಂತ್ರಶಾಲೆಯಲ್ಲಿ ಎರಡು ಬೆಳಕುಗಳಿರುತ್ತವೆ: ಒಂದು ಆ ಸ್ಥಳದ ಬೆಳಕು, ಇನ್ನೊಂದು ನಾವು ಒಯ್ದ ಬೆಳಕು. ಇವೆರಡನ್ನೂ ಬೇರೆ ಬೇರೆ ಕೀಲಿಗಳಿಂದ ಹತೋಟಿಯಲ್ಲಿಡಬಹುದು.

ಮಿಂಚುದೀಪ ಉರಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ, ಅಥವಾ ಅದಕ್ಕಿಂತಲೂ ಕಡಿಮೆ. ಆದುದರಿಂದ ಶಟರು ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿರಲಿ, 15ರಲ್ಲಿ ಒಂದು ಭಾಗ ತೆರೆದಿರಲಿ, ಮಿಂಚಿನ ಬೆಳಕು ಅಷ್ಟೇ ಬರುತ್ತದೆ. ಸ್ಥಳದ ಬೆಳಕಾದರೋ ನಲ್ಲಿಯ ನೀರಿನಂತೆ. ತೆರೆದಿಟ್ಟಷ್ಟು ಹೊತ್ತೂ ತುಂಬುತ್ತಲೇ ಇರುತ್ತದೆ. ಹೀಗಾಗಿ ಶಟರಿನ ಕಾಲವು ಸ್ಥಳದ ಬೆಳಕನ್ನು ಮಾತ್ರ ಆಳುತ್ತದೆ. ಮಸೂರದ ಕಂಡಿಯು ಎರಡನ್ನೂ ಆಳುತ್ತದೆ.

ಲೆಕ್ಕದ ರೂಪದಲ್ಲಿ ನೋಡೋಣ. ಕ್ಯಾಮೆರಾದ ಸೂಕ್ಷ್ಮತೆಯನ್ನು 400ಕ್ಕೆ ಇಟ್ಟಾಗ, ಒಂದು ಶಾಲೆಯ ಒಳಬೆಳಕಿಗೆ ಎಫ್ 4 ಕಂಡಿ ಮತ್ತು 30ರಲ್ಲಿ ಒಂದು ಸೆಕೆಂಡು ಸರಿಯೆಂದು ಅಳತೆ ತೋರಿಸಿತೆನ್ನಿ. ನಾವು ಶಟರನ್ನು 60ರಲ್ಲಿ ಒಂದು ಭಾಗಕ್ಕೆ ಇಟ್ಟರೆ ಹಿನ್ನೆಲೆಗೆ ಅರ್ಧ ಬೆಳಕು ಮಾತ್ರ ಸಿಗುತ್ತದೆ; ಯಂತ್ರಗಳು ಮಬ್ಬಿನಲ್ಲಿ, ಆದರೆ ಗುರುತು ಸಿಗುವಂತೆ, ಉಳಿಯುತ್ತವೆ. ಅನಂತರ ಮುಖಕ್ಕೆ ಎಫ್ 4 ಕಂಡಿಗೆ ಸಾಕಾಗುವಷ್ಟು ಮಿಂಚನ್ನು ಹೊಂದಿಸಿದರೆ ಮುಖ ಸ್ಪಷ್ಟವಾಗಿ ಮುಂದೆ ಬರುತ್ತದೆ. ಶಟರನ್ನು 200ರಲ್ಲಿ ಒಂದು ಭಾಗಕ್ಕೆ ಇಟ್ಟರೆ? ಹಿನ್ನೆಲೆ ಮಸಿಯಾಗುತ್ತದೆ, ಆ ಮನುಷ್ಯ ವಿದ್ಯುದಾಗಾರದಲ್ಲಿದ್ದನೋ ಕಲ್ಯಾಣಮಂಟಪದಲ್ಲಿದ್ದನೋ ಹೇಳುವವರಿಲ್ಲ. ಸ್ಥಳವನ್ನು ಅಳಿಸಿಹಾಕುವ ದೀಪ ಎಷ್ಟು ಪ್ರಖರವಾದರೇನು ಫಲ?

ಇನ್ನೊಂದು ಸೂಕ್ಷ್ಮವುಂಟು. ತಿರುಗುವ ಚಕ್ರದ ಮೇಲೆಯೇ ಮಿಂಚು ಬಿದ್ದರೆ ಚಿತ್ರದಲ್ಲಿ ಚಕ್ರ ನಿಂತಿರುವಂತೆ ಕಾಣುತ್ತದೆ. ದುಡಿಯುತ್ತಿದ್ದವನು ಕೆಟ್ಟುನಿಂತ ಯಂತ್ರದ ಮುಂದೆ ನಿಂತಂತೆ ಆಯಿತು! ಮಿಂಚನ್ನು ಮುಖಕ್ಕೆ ಮಾತ್ರ ಸೀಮಿತಗೊಳಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿರಿಸಿ, ಶಟರನ್ನು 15ರಲ್ಲಿ ಒಂದು ಭಾಗದಷ್ಟು ತೆರೆದು, ಕಂಡಿಯನ್ನು ತಕ್ಕಂತೆ ಕಿರಿದುಮಾಡಿದರೆ, ಚಕ್ರ ತಿರುಗುವಿಕೆಯಿಂದ ಮಸುಕಾಗುತ್ತದೆ, ಮುಖ ಮಾತ್ರ ಸ್ಪಷ್ಟವಾಗಿರುತ್ತದೆ. ಗದ್ದಲದ ನಡುವೆ ಸ್ಥಿರವಾಗಿ ನಿಂತ ಮನುಷ್ಯ ಅಲ್ಲಿ ಕಾಣುತ್ತಾನೆ.

ದೀಪವನ್ನು ಎಲ್ಲಿಡಬೇಕು?

ಮುಖ್ಯ ದೀಪವನ್ನು ಕ್ಯಾಮೆರಾದ ಪಕ್ಕಕ್ಕೆ ಸುಮಾರು 45 ಅಂಶ ಸರಿಸಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲಕ್ಕೆ ಇಡುವುದು ಸಾಮಾನ್ಯ ಕ್ರಮ. ಕ್ಯಾಮೆರಾದ ಮೇಲೆಯೇ ದೀಪ ಕೂರಿಸುವುದು ಎರಡು ಕಾರಣಗಳಿಂದ ಸಲ್ಲದು: ಮುಖ ಚಪ್ಪಟೆಯಾಗುತ್ತದೆ, ಗಾಳಿಯಲ್ಲಿ ತೇಲುವ ಚಹಾಪುಡಿ, ಮರದ ಹೊಟ್ಟು, ಸಿಮೆಂಟು ಧೂಳಿನ ಕಣಗಳು ಮಸೂರದ ಮುಂದೆಯೇ ಬೆಳಗಿ ಚಿತ್ರದ ತುಂಬ ಬಿಳಿ ಚುಕ್ಕೆಗಳಾಗುತ್ತವೆ. ಎರಡೂ ಕಣ್ಣುಗಳಲ್ಲಿ ದೀಪದ ಚಿಕ್ಕ ಪ್ರತಿಬಿಂಬ ಮಿನುಗುತ್ತಿದೆಯೇ ಎಂದು ನೋಡಬೇಕು. ಅದಿಲ್ಲದ ಕಣ್ಣು ನಿರ್ಜೀವವಾಗಿ ತೋರುತ್ತದೆ.

ನೆರಳು ಬಿದ್ದ ಕೆನ್ನೆಯ ಕಡೆಗೆ ಬಿಳಿ ರಟ್ಟನ್ನೋ ಥರ್ಮಾಕೋಲ್ ಹಲಗೆಯನ್ನೋ ಹಿಡಿದರೆ ನೆರಳು ತಿಳಿಯಾಗುತ್ತದೆ. ಕಪ್ಪು ಗೋಡೆಯ ಮುಂದೆ ಎಣ್ಣೆ ಹತ್ತಿದ ನೀಲಿ ಉಡುಪಿನವರು ನಿಂತರೆ ಹೆಗಲು ಗೋಡೆಯಲ್ಲಿ ಕರಗಿಹೋಗುತ್ತದೆ. ಹಿಂದಿನಿಂದ ಒಂದು ಸಣ್ಣ ದೀಪವನ್ನು ಓರೆಯಾಗಿ ಬಿಟ್ಟರೆ ಹೆಗಲಿಗೂ ತಲೆಗೂ ಬೆಳಕಿನ ಅಂಚು ಮೂಡುತ್ತದೆ. ಶಿರಸ್ತ್ರಾಣ ಧರಿಸಿದವರ ಕಣ್ಣುಗಳ ಮೇಲೆ ಅದರ ಅಂಚಿನ ನೆರಳು ಬೀಳುವುದುಂಟು. ಶಿರಸ್ತ್ರಾಣವನ್ನು ತೆಗೆಸಬಾರದು, ದೀಪವನ್ನೇ ಕೆಳಗಿಳಿಸಬೇಕು.

ಆದರೆ ಮುಖಕ್ಕಿಂತ ಕೆಳಗೆ ಅಲ್ಲ. ಕೆಳಗಿನಿಂದ ಬಂದ ಬೆಳಕು ಎಂಥವರನ್ನೂ ರಾಕ್ಷಸರನ್ನಾಗಿ ತೋರಿಸುತ್ತದೆಂಬುದು ನಮ್ಮ ಬಯಲಾಟ ನೋಡಿದವರಿಗೆ ಗೊತ್ತು. 1963ರಲ್ಲಿ ಆರ್ನಾಲ್ಡ್ ನ್ಯೂಮನ್ ಎಂಬ ಛಾಯಾಗ್ರಾಹಕರು ಜರ್ಮನಿಯ ಎಸ್ಸೆನ್ ನಗರದ ಕಾರ್ಖಾನೆಯಲ್ಲಿ ಅದರ ಒಡೆಯ ಆಲ್ಫ್ರೀಡ್ ಕ್ರುಪ್ಪರ ಭಾವಚಿತ್ರ ತೆಗೆದರು. ಯುದ್ಧಕಾಲದಲ್ಲಿ ಸೆರೆಯಾಳುಗಳನ್ನು ಬಲವಂತದಿಂದ ದುಡಿಸಿದ ಅಪರಾಧಕ್ಕಾಗಿ 1948ರಲ್ಲಿ ಶಿಕ್ಷೆಗೆ ಒಳಗಾಗಿದ್ದವರು ಕ್ರುಪ್. ಯಹೂದಿಯಾದ ನ್ಯೂಮನ್ನರು ಬೇಕೆಂದೇ ಎರಡೂ ಬದಿಗಳಲ್ಲಿ ದೀಪಗಳನ್ನು ತಗ್ಗಿನಲ್ಲಿಟ್ಟು, ಅವರನ್ನು ಮುಂದಕ್ಕೆ ಬಾಗಿಸಿ, ನೋಡಿದವರು ನಡುಗುವಂಥ ಚಿತ್ರ ಮಾಡಿದರು. ಅದರ ನ್ಯಾಯಾನ್ಯಾಯಗಳನ್ನು ಹಿರಿಯರು ಚರ್ಚಿಸಲಿ. ವಿದ್ಯಾರ್ಥಿಗಳು ಗ್ರಹಿಸಬೇಕಾದದ್ದು ಇಷ್ಟು: ದೀಪ ಇಟ್ಟವನು ತೀರ್ಪು ಹೇಳಿದಂತೆಯೇ. ದೀಪ ಅರ್ಧ ಗಜ ಮೇಲೋ ಕೆಳಗೋ ಸರಿದರೆ ಗೌರವವು ಅವಮಾನವಾಗುತ್ತದೆ. ನಮ್ಮನ್ನು ನಂಬಿ ಎದುರು ನಿಂತವರ ಮುಖ ನಮ್ಮ ಕೈಯಲ್ಲಿರುತ್ತದೆ.

ಈ ಕಾರಣದಿಂದಲೇ, ಚಿತ್ರ ತೆಗೆಯುವ ಮುನ್ನ ಒಂದು ಪ್ರಶ್ನೆಯನ್ನು ಅವರಿಗೇ ಬಿಡಬೇಕು. "ಮುಖ ತೊಳೆದುಕೊಂಡು ಬರಲೇ?" ಎಂದು ದುಡಿಯುವವರು ಕೇಳುವುದುಂಟು. ಮಸಿ ಇದ್ದರೆ ಚಿತ್ರ ಚೆನ್ನಾಗಿರುತ್ತದೆಂಬ ಆಸೆಯಿಂದ ತಡೆಯಬಾರದು. ಅಂದವಾಗಿರಲಿ ಎಂದು ಒರೆಸಿಕೊಳ್ಳುವಂತೆ ಒತ್ತಾಯಿಸಲೂ ಬಾರದು. "ನಿಮಗೆ ಹೇಗೆ ಇಷ್ಟವೋ ಹಾಗೆ ನಿಲ್ಲಿ" ಎನ್ನುವುದೇ ಸರಿಯಾದ ಉತ್ತರ. ಬೆವರನ್ನು ಹೆಮ್ಮೆಯೆಂದು ಬಗೆಯುವವರುಂಟು. ಮಗಳು ನೋಡುವ ಚಿತ್ರದಲ್ಲಿ ಶುಭ್ರವಾಗಿರಬೇಕೆಂದು ಬಯಸುವವರೂ ಉಂಟು.

ಎಚ್ಚರಿಕೆಯ ಮಾತುಗಳು

ವಿದ್ಯುದಾಗಾರವು ನಿರ್ಬಂಧಿತ ಸ್ಥಳ. ಅಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಕ್ಯಾಮೆರಾವನ್ನು ಒಯ್ಯುವ ಯೋಚನೆಯನ್ನೂ ಮಾಡಬಾರದು. ಮೋಟಾರು ದುರಸ್ತಿಯ ಶೆಡ್ಡು, ಹಿಟ್ಟಿನ ಗಿರಣಿ, ಬಡಗಿಯ ಅಂಗಡಿ, ಗುಡಲೂರಿನ ಕಡೆಯ ಚಹಾ ಕಾರ್ಖಾನೆ ಇವೂ ಯಂತ್ರಶಾಲೆಗಳೇ. ಅಲ್ಲಿಯೂ ಮಾಲೀಕರ ಒಪ್ಪಿಗೆ ಮತ್ತು ಹಿರಿಯರೊಬ್ಬರ ಜೊತೆ ಇರಬೇಕು.

ತಿರುಗುವ ಯಂತ್ರದ ಬಳಿ ಕೆಲಸ ಮಾಡುತ್ತಿರುವವರ ಕಣ್ಣಿಗೆ ಹೇಳದೆ ಮಿಂಚು ಹೊಡೆಯಬಾರದು. ಒಂದು ಕ್ಷಣದ ಕುರುಡು ಒಂದು ಬೆರಳನ್ನು ಕಳೆಯಬಹುದು. ಕೆಲಸ ನಿಲ್ಲಿಸಿ, ಯಂತ್ರದಿಂದ ದೂರ ಸರಿದ ಮೇಲೆಯೇ ಅವರು ಕ್ಯಾಮೆರಾದ ಕಡೆ ತಿರುಗಬೇಕು. ಚೋಕ್ ಇರುವ ಹಳೆಯ ಟ್ಯೂಬುಲೈಟುಗಳು ನಮ್ಮ 50 ಆವರ್ತದ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಿಮಿಷಕ್ಕೆ 3000 ಸುತ್ತು ತಿರುಗುವ ಚಕ್ರ ಆ ಬೆಳಕಿನಲ್ಲಿ ನಿಂತಂತೆ ತೋರಬಹುದು. ನಿಂತಿದೆಯೆಂದು ಕಣ್ಣು ಹೇಳಿದರೂ ಕೈ ಹಾಕಬಾರದು. ದೀಪದ ತಂತಿಯನ್ನು ಒದ್ದೆ ನೆಲದ ಮೇಲೆ ಎಳೆಯದೆ ಬ್ಯಾಟರಿಯ ದೀಪವನ್ನೇ ಬಳಸಬೇಕು. ಪೆಟ್ರೋಲು, ಬಣ್ಣದ ತಿನ್ನರು, ಬ್ಯಾಟರಿ ಚಾರ್ಜು ಮಾಡುವ ಕೋಣೆ ಇವುಗಳ ಹತ್ತಿರ ಯಾವ ದೀಪವನ್ನೂ ಹಚ್ಚಬಾರದು. ದೀಪದ ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟುವುದನ್ನು ಮರೆಯಬಾರದು. ಮನೆಗೆ ಮರಳುವಾಗ ಕಾಡಿನ ದಾರಿಯಲ್ಲಿ ಆನೆ ಕಂಡರೆ ಮಿಂಚುದೀಪ ಚೀಲದಲ್ಲಿಯೇ ಇರಲಿ. ಇದನ್ನು ನಮ್ಮ ಊರಿನ ಮಕ್ಕಳಿಗೆ ಎರಡು ಸಲ ಹೇಳುತ್ತೇವೆ.

ಅಭ್ಯಾಸ

1. ಕತ್ತಲಾದ ಮೇಲೆ ಅಡುಗೆಮನೆಯಲ್ಲಿ ಬ್ಯಾಟರಿ ದೀಪವೊಂದನ್ನು ಹಿಡಿದು, ತಾಯಿಯ ಮುಖದಿಂದ 3 ಅಡಿ, 6 ಅಡಿ, 9 ಅಡಿ ದೂರದಲ್ಲಿಟ್ಟು ಮೂರು ಚಿತ್ರ ತೆಗೆಯಿರಿ. ಪ್ರತಿಸಲವೂ ಹಿಂದಿನ ಗೋಡೆಯಲ್ಲಾದ ವ್ಯತ್ಯಾಸವನ್ನು ಬರೆಯಿರಿ. ಮೊಬೈಲು ತಾನಾಗಿ ಬೆಳಕನ್ನು ಸರಿಹೊಂದಿಸಿಕೊಳ್ಳುವುದರಿಂದ, ಮುಖವನ್ನು ಮುಟ್ಟಿ ಅಳತೆಯನ್ನು ಮುಖಕ್ಕೇ ನಿಲ್ಲಿಸಿ.

2. ಅದೇ ದೀಪದ ಮುಂದೆ ಬಿಳಿ ಪಂಚೆಯನ್ನು ಹಿಡಿದು ಮೂಗಿನ ನೆರಳಿನ ಅಂಚನ್ನು ಗಮನಿಸಿ. ಪಂಚೆಯನ್ನು ಮುಖದ ಹತ್ತಿರ ತಂದಾಗ ನೆರಳು ಏನಾಗುತ್ತದೆ? ಏಕೆ?

3. 4 ಅಡಿ ದೂರದ ದೀಪವನ್ನು 8 ಅಡಿಗೆ ಸರಿಸಿದರೆ ಮುಖದ ಮೇಲಿನ ಬೆಳಕನ್ನು ಮೊದಲಿನಷ್ಟೇ ಇಡಲು ದೀಪದ ಶಕ್ತಿಯನ್ನು ಎಷ್ಟು ಪಾಲು ಹೆಚ್ಚಿಸಬೇಕು?

4. ನಿಮ್ಮ ಮನೆಯಲ್ಲಿ ದುಡಿಯುವವರೊಬ್ಬರ ಚಿತ್ರವನ್ನು, ಅವರ ಒಪ್ಪಿಗೆ ಪಡೆದು, ಅವರು ದುಡಿಯುವ ಸ್ಥಳದಲ್ಲಿ ತೆಗೆಯಿರಿ. ಹೊಲಿಗೆಯಂತ್ರದ ಮುಂದೆ ಕೂತ ತಾಯಿಯಾದರೂ ಸರಿಯೆ. ಚಿತ್ರದ ಹಿಂದೆ ಹೆಸರು, ಕೆಲಸ, ಸ್ಥಳ, ದಿನಾಂಕಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಪೋಷಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ನಾಲ್ಕನೆಯ ಅಭ್ಯಾಸಕ್ಕಾಗಿ ಮಕ್ಕಳು ದೀಪವನ್ನೂ ಪಂಚೆಯನ್ನೂ ಹಿಡಿದು ತಮ್ಮ ಮುಂದೆ ಬಂದಾಗ, "ಈ ವೇಷದಲ್ಲಿ ಚಿತ್ರ ಏಕೆ?" ಎಂದು ತಾವು ಸಂಕೋಚಪಡಬಾರದು. ಹತ್ತು ನಿಮಿಷ ನಿಂತು ಸಹಕರಿಸಬೇಕು. ಮುದ್ರಿಸಿದ ಒಂದು ಪ್ರತಿಯನ್ನು ಶಾಲೆಗೆ ಕಳುಹಿಸಿದರೆ ಅದನ್ನು ವಾಚನಾಲಯದ ಗೋಡೆಯ ಮೇಲೆ ಹೆಸರಿನ ಸಮೇತ ಹಾಕಿಸುತ್ತೇವೆ.